ಓದದೆ ಬಿಟ್ಟ ವಚನ

ದೇವಪುತ್ರನನ್ನು ಹೊಡೆದು ಕೊಂದವರು ನನ್ನ ಅಕ್ಕನ ಮಕ್ಕಳು. ಆದರೆ ಅವನು ಒಳಗೆ ಬರದಂತೆ ದೇವಾಲಯದ ಬಾಗಿಲಿಗೆ ಅಗಳಿ ಹಾಕಿದವನು ನಾನು — ಆ ಕ್ರೈಸ್ತ ಸಭೆಯ ಪಾಲಕ. ಹನ್ನೊಂದು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ.

ಮುನವಳ್ಳಿಯಲ್ಲಿ ನಮ್ಮದು ಸಣ್ಣ ಸಭೆ. ಅಕ್ಕನ ಗಂಡ ಸಮುವೇಲ, ಅವನ ತಮ್ಮ ದೇವಪುತ್ರ, ಇಬ್ಬರ ಹೊಲವೂ ಒಂದೇ ಬದುವಿನ ಆಚೆ ಈಚೆ. ಕಾಲುವೆ ನೀರು ಮೊದಲು ಯಾರಿಗೆ ಎಂದು ಒಂದು ಮುಂಜಾನೆ ಜಗಳವಾಯಿತು. ದೇವಪುತ್ರ ಕೈಯಲ್ಲಿದ್ದ ಸಲಿಕೆ ಬೀಸಿದ. ಭಾವನ ತಲೆ ಸೀಳಿತು. ಆ ಹೆಣ ತೊಳೆದವನು ನಾನೇ.

ತೊಂಬತ್ತರ ದಶಕದ ನಡುವೆ, ಶಿಕ್ಷೆ ಮುಗಿಸಿ ಬಂದ ದೇವಪುತ್ರ ಒಂದು ಭಾನುವಾರ ಬೆಳಿಗ್ಗೆ ಆರಾಧನೆಗೆ ಬಂದು ಕೊನೆಯ ಸಾಲಿನಲ್ಲಿ ಕುಳಿತ. ಅವನನ್ನು ಕಂಡೊಡನೆ ನನ್ನೊಳಗೆ — ಏನೆನ್ನಲಿ — ಭಾವನ ತಲೆಯ ಆ ಸೀಳು ಮತ್ತೆ ತೆರೆದುಕೊಂಡಿತು. ಅಂದಿನ ಪಾಠ ಬಿಟ್ಟು ಬೈಬಲಿನಲ್ಲಿ ಕಾಯಿನನ ಅಧ್ಯಾಯ ತೆಗೆದೆ. ತಮ್ಮನನ್ನು ಕೊಂದ ಅಣ್ಣನ ಕಥೆ. ನನ್ನೆದುರಿಗೆ ಅಣ್ಣನನ್ನು ಕೊಂದ ತಮ್ಮ. ನೆಲ ಕುಡಿದ ರಕ್ತ ದೇವರಿಗೆ ಮೊರೆಯಿಡುವುದನ್ನು ಓದಿದೆ, ದೇವರ ಶಾಪವನ್ನು ಓದಿದೆ — ಗಟ್ಟಿಯಾಗಿ, ಅವನ ಮುಖವನ್ನೇ ನೋಡುತ್ತ. ಅಲ್ಲಿಗೆ ನಿಲ್ಲಿಸಿದೆ. ಕೆಲವೇ ಸಾಲು ಕೆಳಗೆ, ಕಾಯಿನನನ್ನು ಯಾರೂ ಕೊಲ್ಲಬಾರದೆಂದು ದೇವರು ಅವನ ಮೇಲೊಂದು ಗುರುತು ಇಡುತ್ತಾನೆ. ಶಪಿಸಿದ ದೇವರೇ ಕಾಯಲು ನಿಲ್ಲುತ್ತಾನೆ. ಅದು ನನಗೆ ಬಾಯಿಪಾಠವಿತ್ತು. ಓದಲಿಲ್ಲ.

ದೇವಪುತ್ರ ಎದ್ದು ನಿಂತ. "ಪಾಸ್ಟರ್ರ, ಮುಂದಿಂದೂ ಓದ್ರಿ. ಜೈಲಿನ್ಯಾಗ ನಾ ದಿನಾ ಅದನ್ನ ಓದತಿದ್ದೆ."

"ನಿನಗ ಮುಂದ ಏನೂ ಇಲ್ಲ," ಎಂದೆ.

ಅಕ್ಕನ ಮಕ್ಕಳಿಗೆ ಅಷ್ಟು ಸಾಕಾಯಿತು. ದಾನಿಯೇಲ ಅವನ ಅಂಗಿ ಹಿಡಿದು ಅಂಗಳಕ್ಕೆ ಎಳೆದ. ಯೋಸೇಫ ಗಂಟೆ ಬಾರಿಸುವ ಕಬ್ಬಿಣದ ಸಲಾಕೆ ತೆಗೆದುಕೊಂಡ. ಮೊದಲ ಏಟಿಗೆ ಮೊಣಕಾಲು ಮುರಿಯಿತು, ಎರಡನೆಯದಕ್ಕೆ ದವಡೆ. ಜನ ದಿಕ್ಕಾಪಾಲಾಗಿ ಓಡಿದರು. ದೇವಪುತ್ರ ತೆವಳಿಕೊಂಡು ಮೆಟ್ಟಿಲೇರಿದ, ಹೊಸ್ತಿಲ ಮೇಲೆ ಕೈಯಿಟ್ಟ. ನಾನು ಆ ಕೈಯನ್ನು ಒದ್ದು ಹೊರಗೆ ತಳ್ಳಿ ಅಗಳಿ ಹಾಕಿದೆ. ಅವನು ದೇವರನ್ನು ಕರೆಯಲಿಲ್ಲ — ಮುರಿದ ದವಡೆಯಲ್ಲಿ ನನ್ನನ್ನೇ ಕರೆದ. ಬಾಗಿಲಿಗೆ ತಲೆ ಬಡಿದ ಸದ್ದು, ಮತ್ತೆ ಸದ್ದು... ನನ್ನ ಬೆನ್ನಿಗೆ ಹಲಗೆ ನಡುಗುತ್ತಿತ್ತು. ಆಗ ನನಗೆ ಸಮಾಧಾನವೆನಿಸಿತು — ಇದನ್ನೂ ಬರೆಯಲೇಬೇಕು. ಸಂಜೆಯ ಹೊತ್ತಿಗೆ ಅವನು ಸತ್ತ.

ಯಾರೋ ಹೊರಗಿನವರು ಹೊಡೆದರು, ನಾನು ಒಳಗೆ ಪ್ರಾರ್ಥನೆಯಲ್ಲಿದ್ದೆ ಎಂದು ಪೊಲೀಸರಿಗೆ ಹೇಳಿದೆ. ಸಭೆಯೂ ಅದನ್ನೇ ಹೇಳಿತು. ಆಮೇಲೂ ಅದೇ ಪೀಠದಿಂದ ಕ್ಷಮೆಯ ಬಗ್ಗೆ ಬೋಧಿಸಿದೆ, ಕೇಳಿದವರು ಅತ್ತರು.

ಹೋದ ವಾರ ರಾಮದುರ್ಗಕ್ಕೆ ಹೋದೆ. ದೇವಪುತ್ರನ ಹೆಂಡತಿ ಶಾಂತವ್ವ ಅಲ್ಲಿ ತವರಿನಲ್ಲಿದ್ದು ಸೀರೆ ನೇಯುತ್ತಾಳೆ. ಮಗ್ಗದ ಪಕ್ಕ ನೆಲದ ಮೇಲೆ ಕುಳಿತು ಎಲ್ಲವನ್ನೂ ಹೇಳಿದೆ. ಅವಳ ಕೈ ನಿಂತಿತು.

"ಹೊಡದವರು ಯಾರಂತ ನನಗ ಮೊದಲ ಗೊತ್ತಿತ್ತರಿ. ನೀವು ನಮ್ಮನಿಯವರ ಕೈ ಒದ್ದದ್ದು ಗೊತ್ತಿರಲಿಲ್ಲ."

"ಕ್ಷಮಿಸು ಶಾಂತವ್ವಾ..."

"ಮೊದಲ ಪೊಲೀಸರ ಮುಂದ ಹೇಳ್ರಿ. ಕ್ಷಮಾ ಕೇಳೂದಿದ್ರ ಆಮ್ಯಾಲ ಬರ್ರಿ."

ದಾನಿಯೇಲನಿಗೂ ಯೋಸೇಫನಿಗೂ ಈಗ ಸಣ್ಣ ಮಕ್ಕಳಿದ್ದಾರೆ ಎನ್ನಲು ಬಾಯಿ ತೆರೆದೆ. ಅವಳ ಮುಖ ನೋಡಿ ಮುಚ್ಚಿದೆ.

ನಿನ್ನೆ ದಾನಿಯೇಲನಿಗೆ ಫೋನ್ ಮಾಡಿ, ಠಾಣೆಗೆ ಹೋಗುತ್ತೇನೆಂದು ತಿಳಿಸಿದೆ. ಅವನು, "ಮಾಮಾ, ಅವತ್ತ ನಾವು ನಿಮ್ಮ ಮಾತ ಕೇಳಿದ್ವಿ," ಎಂದ. ಹೌದು, ಕೇಳಿದ್ದರು.

ಇವತ್ತು ಸವದತ್ತಿಯ ಠಾಣೆಯಲ್ಲಿ ಕುಳಿತು ನಡೆದದ್ದನ್ನು ಬರೆದುಕೊಟ್ಟೆ. ತಪ್ಪಿತಸ್ಥರ ಹೆಸರು ಬರೆಯುವಲ್ಲಿ ಮೊದಲು ನನ್ನದನ್ನು ಬರೆದೆ, ಅದರ ಕೆಳಗೆ ಅವರಿಬ್ಬರದು.