ಪ್ರಭುದೇವನ ಝೀರೋ ಬಲ್ಬು

ಮಧುಗಿರಿಯ ಬಸ್‌ಸ್ಟ್ಯಾಂಡ್ ಹಿಂದಿನ ಗಲ್ಲಿಯಲ್ಲಿ ಪ್ರಭುದೇವನಷ್ಟು ಪುಕ್ಕಲ ಇನ್ನೊಬ್ಬನಿಲ್ಲ. ಯಾರನ್ನು ಬೇಕಾದರೂ ಕೇಳಿ ನೋಡಿ. ಮೋಟಾರು ಸ್ಟಾರ್ಟರ್ ರಿಪೇರಿ ಮಾಡುವವನೇ ಕರೆಂಟಿಗೆ ಹೆದರಿದರೆ ಏನು ಹೇಳೋಣ? ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡ ಮೇಲೂ ಇವನು ಟೆಸ್ಟರ್ ಇಟ್ಟು ನೋಡುತ್ತಾನೆ. ಆಮೇಲೆ ಎಡಗೈ ಬೆನ್ನ ಹಿಂದೆ ಕಟ್ಟಿಕೊಂಡು, ಬಲಗೈಯ ಹಿಂಬದಿಯಿಂದ ಒಂದು ಸಲ ಸೋಕಿಸುತ್ತಾನೆ. ಅದಾದ ಮೇಲೆ ಎದೆಯ ಮೇಲಿನ ಲಿಂಗದ ಕರಡಿಗೆ ಮುಟ್ಟಿಕೊಂಡು ಕೆಲಸ ಶುರು. ನಮ್ಮನೆಯವರು ಟಾರ್ಚಿಗೆ ಸೆಲ್ಲು ಹಾಕುವಾಗಲೂ ಚಪ್ಪಲಿ ಮೆಟ್ಟಿಕೊಂಡೇ ಹಾಕುತ್ತಾರೆ ಎಂದು ಹೆಂಡತಿ ಜಗದಾಂಬ ಬಂದವರ ಮುಂದೆಲ್ಲ ನಗಾಡುತ್ತಿದ್ದಳು. ಅದೇನೂ ಸುಳ್ಳಲ್ಲ.

ಫೋನಿನಲ್ಲೇ ಒತ್ತಿ ಮೋಟಾರು ಹಾಕುವ, ಆರಿಸುವ ಡಬ್ಬಿಗಳು ಕೆಲವು ವರ್ಷದ ಹಿಂದೆ ಈ ಕಡೆಯ ಹೊಲಗಳಿಗೆ ಬಂದಿದ್ದವು. ಮಾರಿದ ಕಂಪನಿ ಎಂದೋ ಬಾಗಿಲು ಹಾಕಿಕೊಂಡು ಹೋಯಿತು. ಡಬ್ಬಿಯೊಳಗೆ ಹೆಬ್ಬೆರಳಗಲದ ಒಂದು ವೈಫೈ ಕಾರ್ಡಿದೆ. ಪಾಪ, ಅದು ಇಲ್ಲದ ಕಂಪನಿಯ ಇಲ್ಲದ ಕಂಪ್ಯೂಟರನ್ನು ಇವತ್ತಿಗೂ ಹುಡುಕುತ್ತಾ ಕೂತಿರುತ್ತದೆ, ಬೇರೆ ಯಾರ ಮಾತೂ ಕೇಳುವುದಿಲ್ಲ. ಅಂಥ ಕಾರ್ಡು ಈಗ ಯಾರೂ ಮಾಡುವುದಿಲ್ಲ, ಹೊಸದು ಅದರಲ್ಲಿ ಕೂರುವುದಿಲ್ಲ. ಹಾಗಾಗಿ ಇರುವ ಕಾರ್ಡಿನ ಹಳೇ ಪ್ರೋಗ್ರಾಮು ಅಳಿಸಿ, ಮನೆಯ ವೈಫೈ ಮಾತು ಕೇಳುವಂಥ ಹೊಸದನ್ನು ತುಂಬುವುದನ್ನು ಪ್ರಭುದೇವ ಇಂಟರ್ನೆಟ್ ನೋಡಿಕೊಂಡೇ ಕಲಿತ.

ಈ ಕೆಲಸದಲ್ಲಿ ಅವನ ದೊಡ್ಡ ಭಯ ಒಂದೇ. ತುಂಬುವ ಹೊತ್ತಿನಲ್ಲಿ ಕರೆಂಟು ಹೋಯಿತೋ, ಕಾರ್ಡು ಸತ್ತಂತೆ. ಮತ್ತೆ ಏಳುವುದಿಲ್ಲ. ನಮ್ಮೂರಿನ ಕರೆಂಟನ್ನು ನಂಬುವುದುಂಟೇ? ಅದಕ್ಕೇ ಅಂಗಡಿಗೆ ಇಷ್ಟು ದೊಡ್ಡ ಯುಪಿಎಸ್ ತಂದು ಕೂರಿಸಿದ. ಮೇಜಿನ ಮೇಲಿನ ಸಾಮಾನೆಲ್ಲ ಅದರ ಮೇಲೇ ನಡೆಯುತ್ತದೆ. ಡಬ್ಬಿ ತಯಾರಾದ ಮೇಲೆ ಪರೀಕ್ಷೆಯೂ ಅಲ್ಲೇ. ಮೋಟಾರಿನ ಜಾಗಕ್ಕೆ ಒಂದು ಝೀರೋ ಬಲ್ಬು ನೇತುಹಾಕಿ, ಫೋನಿನಲ್ಲಿ ಆನ್ ಒತ್ತಿದರೆ ಹತ್ತಬೇಕು, ಆಫ್ ಒತ್ತಿದರೆ ಆರಬೇಕು. ಅಷ್ಟಾದರೆ ಗಿರಾಕಿಗೆ ಕೊಡುತ್ತಿದ್ದ.

ಆವತ್ತು ಮಧ್ಯಾಹ್ನ ಹತ್ತಿರವಾಗಿತ್ತು. ಜಗದಾಂಬ ಅಂಗಡಿಯ ನೆಲ ಒರೆಸುತ್ತಾ ಬಂದಳು. ಯುಪಿಎಸ್‌ನಿಂದ ಮೇಜಿಗೆ ಹೋಗುವ ವೈರು ಕಾಲಿಗೆ ಸಿಕ್ಕಿ ಕಿತ್ತುಬಂತು. ಬೈಸಿಕೊಳ್ಳುವ ಮೊದಲೇ ಮತ್ತೆ ಚುಚ್ಚಿಬಿಟ್ಟಳು. ಮೇಜಿನ ಮೇಲೆ ಒಂದು ಡಬ್ಬಿ ಬಲ್ಬಿನ ಸಮೇತ ಕೂತಿತ್ತು. ಬಲ್ಬು ಚಣಕಾಲ ಹತ್ತಿ ಆರಿತು.

ಯಾರೂ ಫೋನು ಮುಟ್ಟಿರಲಿಲ್ಲ. ಫೋನಿನಲ್ಲಿ ಆಫ್ ಎಂದೇ ಇತ್ತು. ಪ್ರಭುದೇವ ವೈರು ಕಿತ್ತು ಮತ್ತೆ ಚುಚ್ಚಿದ. ಬಲ್ಬು ಹತ್ತಿ ಆರಿತು. ಇನ್ನೊಮ್ಮೆ ಮಾಡಿದ, ಇನ್ನೊಮ್ಮೆಯೂ ಹತ್ತಿತು.

ಕರೆಂಟು ಹೋಗಿ ಬಂದಾಗ ಕಾರ್ಡು ನಿದ್ದೆಯಿಂದ ಏಳಬೇಕು. ಹೊಸ ಪ್ರೋಗ್ರಾಮು ಏಳುವ ಆ ಗಳಿಗೆಯಲ್ಲಿ ತಾನಾಗಿ ಆನ್ ಒತ್ತುತ್ತಿದೆ. ಚಣಕಾಲ ತಾನೇ ಅನ್ನುವಂತಿಲ್ಲ. ಸ್ಟಾರ್ಟರಿನ ಹಸಿರು ಗುಂಡಿಯನ್ನು ಒಂದು ಸಲ ಒತ್ತಿ ಬಿಟ್ಟರೆ ಸಾಕು, ಮೋಟಾರು ಓಡುತ್ತಲೇ ಇರುತ್ತದೆ. ಕರೆಂಟು ಹೋಗಬಾರದೆಂದು ತಂದ ಯುಪಿಎಸ್ ಇಷ್ಟು ದಿನ ಕರೆಂಟು ಹೋಗಲು ಬಿಟ್ಟೇ ಇರಲಿಲ್ಲ. ಈ ಕೆಟ್ಟ ಚಾಳಿ ಅವನಿಗೆ ಕಾಣುವುದಾದರೂ ಹೇಗೆ?

ಡಬ್ಬಿಗಳಲ್ಲಿ ಬೇರೆ ಬೇರೆ ಜಾತಿಯ ಕಾರ್ಡುಗಳಿರುತ್ತವೆ, ಈ ಜಾತಿಯದು ಅವನ ಕೈಗೆ ಬಂದದ್ದು ಇದೇ ಮೊದಲು. ಮೇಜಿನ ಮೇಲೊಂದಿತ್ತು. ಇನ್ನೊಂದನ್ನು ಹಿಂದಿನ ದಿನ ದೊಡ್ಡೇರಿಯಾಚೆಯ ಚಿಕ್ಕಹನುಮಯ್ಯ ತೆಗೆದುಕೊಂಡು ಹೋಗಿದ್ದ. ಕನಕಾಂಬರ ಬೆಳೆಯುವ ಮುದುಕ, ಬೋರಿನ ನೀರೆತ್ತಲು ಮೋಟಾರಿನ ಬೆಲ್ಟಿನಿಂದ ಓಡುವ ಕಂಪ್ರೆಸರ್ ಇಟ್ಟುಕೊಂಡವನು. ಹೋಗುವಾಗ ಕಂಕುಳಲ್ಲಿ ಹೊಸ ಬೆಲ್ಟಿತ್ತು. ಸಂಜೆಗೇ ಡಬ್ಬಿ ಕೂರಿಸಿ, ನಾಳೆ ಮಧ್ಯಾಹ್ನ ಹೊಲದ ಲೈನಿಗೆ ಕರೆಂಟು ಬರುವುದರೊಳಗೆ ಬೆಲ್ಟು ಹಾಕಿಕೊಳ್ಳುತ್ತೇನೆ ಎಂದಿದ್ದ.

ಬೆಲ್ಟು ಹಾಕುವುದೆಂದರೆ ಒಂದು ಕೈಯಲ್ಲಿ ಚಕ್ರ ತಿರುಗಿಸುತ್ತಾ ಇನ್ನೊಂದು ಕೈಯ ಬೆರಳಲ್ಲಿ ಬೆಲ್ಟನ್ನು ಅದರ ಅಂಚಿಗೆ ಹತ್ತಿಸಬೇಕು. ಬೆರಳು ಬೆಲ್ಟಿಗೂ ಚಕ್ರಕ್ಕೂ ನಡುವೆಯೇ ಇರುತ್ತದೆ.

ಪ್ರಭುದೇವ ಫೋನು ಮಾಡಿದ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದ. ಗ್ರೀಸು ಮೆತ್ತುತ್ತದೆಂದು ಫೋನನ್ನು ಮನೆಯಲ್ಲೇ ಬಿಟ್ಟು ಹೋಗುವ ಮುದುಕನ ಅಭ್ಯಾಸ ನೆನಪಾಯಿತು. ಹೆಲ್ಮೆಟ್ ಹಾಕದೆ ಬಸ್‌ಸ್ಟ್ಯಾಂಡ್ ಕೂಡ ದಾಟದ ಮನುಷ್ಯ ಬರೀ ತಲೆಯಲ್ಲಿ ಬೈಕು ಹತ್ತಿ ದೊಡ್ಡೇರಿ ರಸ್ತೆ ಹಿಡಿದ.

ದಾರಿಯುದ್ದಕ್ಕೂ ಅವನ ಕಿವಿ ಹೊಲಗಳ ಕಡೆಗೇ ಇತ್ತು. ಯಾವುದಾದರೂ ಮೋಟಾರು ಗುಂಯ್ ಅಂದರೆ ಮುಗಿಯಿತು, ಕರೆಂಟು ಬಂತೆಂದೇ ಅರ್ಥ. ಒಂದು ಕಡೆ ಪೈಪಿನಿಂದ ನೀರು ದಬದಬನೆ ಬೀಳುವುದು ಕಂಡು ಬೈಕು ಅಡ್ಡಾದಿಡ್ಡಿಯಾಯಿತು. ನಿಲ್ಲಿಸಿ ಕೇಳಿದರೆ ಅದು ಡೀಸೆಲ್ ಎಂಜಿನ್ನು. ಅಳು ಬಂತು, ಅಳುವುದಕ್ಕೆ ಪುರಸೊತ್ತಿರಲಿಲ್ಲ. ಮುದುಕನ ಕೈ ಕಣ್ಣ ಮುಂದೆ ಬರುತ್ತಿತ್ತು. ನಿನ್ನೆ ಅದೇ ಕೈಯಲ್ಲಿ ಅವನು ಎಲೆಯಲ್ಲಿ ಸುತ್ತಿದ ಕನಕಾಂಬರವನ್ನು ಜಗದಾಂಬಳಿಗೆಂದು ಕೊಟ್ಟು ಹೋಗಿದ್ದ.

ಹೊಲದ ಬದುವಿನಲ್ಲಿ ಬೈಕು ಕೆಡವಿ ಓಡಿದ. ಒಂದು ಚಪ್ಪಲಿ ಕಿತ್ತುಹೋಯಿತು. ಚಿಕ್ಕಹನುಮಯ್ಯ ಕಂಪ್ರೆಸರಿನ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದ. ಬೆಲ್ಟು ಅರ್ಧ ಹತ್ತಿತ್ತು, ಬೆರಳು ಒಳಗಿತ್ತು. ಹೆಸರು ಹಿಡಿದು ಕೂಗಬೇಕೆಂದು ಪ್ರಭುದೇವ ಬಾಯಿ ತೆರೆದ. ಗಂಟಲಿಂದ ಗಾಳಿ ಬಂತೇ ಹೊರತು ಶಬ್ದ ಬರಲಿಲ್ಲ. ಭಯ ಅಂದರೆ ಹಾಗೇ, ಬೇಕಾದಾಗ ಬಾಯನ್ನೇ ಕಟ್ಟಿಬಿಡುತ್ತದೆ.

ಶೆಡ್ಡಿಗೆ ನುಗ್ಗಿದ. ಟೆಸ್ಟರ್ ಇರಲಿಲ್ಲ, ಕಾಲಿಗೆ ನೆಟ್ಟಗೆ ಚಪ್ಪಲಿಯೂ ಇರಲಿಲ್ಲ. ಬೆವರಿನಲ್ಲಿ ತೊಯ್ದ ಬರಿಗೈಯಲ್ಲಿ ಮೂರೂ ಫ್ಯೂಸನ್ನು ಕಿತ್ತ. ಕಡೆಯದು ಕೈಗೆ ಬರುವಷ್ಟರಲ್ಲಿ ಬೋರ್ಡಿನ ಕೆಂಪು ದೀಪ ಹತ್ತಿಕೊಂಡಿತು. ಕರೆಂಟು ಬಂದಿತ್ತು. ಅವನು ಫ್ಯೂಸು ಹಿಡಿದುಕೊಂಡು ಅಲ್ಲೇ ಕುಸಿದು ಕೂತ.

ಚಿಕ್ಕಹನುಮಯ್ಯ ಗಾಬರಿಯಿಂದ ಎದ್ದು ಬಂದ. ಫ್ಯೂಸು ನೋಡಿ ಅವನಿಗೆ ನಗು ಬಂತು.

"ಯಾಕ್ ಪ್ರಭಣ್ಣ ಇಂಗ್ ಎದ್ರುಕಂಡಿದ್ದೀರಾ? ಆಫ್ ಅಂತ ಫೋನ್ನಾಗೆ ನೋಡ್ಕಂಡೇ ಬಂದಿವ್ನಿ."

ಕರೆಂಟಿಲ್ಲದಾಗ ಫೋನು ಕಡೆಗೆ ಕಂಡದ್ದನ್ನೇ ತೋರಿಸುತ್ತದೆ ಎಂದು ಹೇಳಲು ಪ್ರಭುದೇವನಿಗೆ ಇನ್ನೂ ಬಾಯಿ ಬಂದಿರಲಿಲ್ಲ. ಮುದುಕನನ್ನು ದೂರ ನಿಲ್ಲಿಸಿ, ಬೆಲ್ಟು ಕಳಚಿ, ಫ್ಯೂಸು ಹಾಕಿ ತೋರಿಸಿದ. ಯಾರೂ ಏನೂ ಒತ್ತದೆ ಮೋಟಾರು ಗುಡುಗಿಕೊಂಡು ಎದ್ದಿತು.

ಮುದುಕನ ಮುಖ ಅರಳಿತು. ಅಯ್ಯೋ ದೇವರೇ, ಅರಳಿತು. ಕರೆಂಟು ಬಂದೊಡನೆ ತಾನೇ ಓಡುವ ಮೋಟಾರು ಬೇಡ ಅನ್ನುವ ರೈತ ಈ ಸೀಮೆಯಲ್ಲಿ ಎಲ್ಲಿದ್ದಾನೆ? ಅದಕ್ಕೆಂದೇ ಆಟೋ ಸ್ಟಾರ್ಟರ್ ಹಾಕಿಸುತ್ತಾರೆ.

"ಆಟೋನೂ ಸೇರ್ಸಿ ಕೊಟ್ಟಿದ್ದೀರಲ್ಲ, ಒಂದ್ ಮಾತ್ ಏಳ್ಲಿಲ್ಲ ನೋಡಿ. ಇರ್ಲಿ ಬುಡಿ, ಇಂಗೇ ಇರ್ಲಿ."

ಡಬ್ಬಿ ಬಿಚ್ಚಲು ಹೋದರೆ ಅಡ್ಡ ನಿಂತ. ನಿಮಗೆ ಎಲ್ಲದಕ್ಕೂ ಹೆದರಿಕೆ ಎಂದು ಗೇಲಿ ಮಾಡಿದ. ಪ್ರಭುದೇವನಿಗೆ ಹುಟ್ಟಿದಂದಿನಿಂದ ಬಾರದ ಸಿಟ್ಟು ಆಗ ಬಂತು. ಫ್ಯೂಸು ಕಿತ್ತ. ಬೆಲ್ಟನ್ನು ಮೊದಲಿನಂತೆಯೇ ಅರ್ಧ ಹತ್ತಿಸಿದ. ಬದುವಿನಲ್ಲಿದ್ದ ಬೆರಳು ದಪ್ಪದ ತೊಗರಿ ಕಡ್ಡಿಯೊಂದನ್ನು ತಂದು, ಮುದುಕನ ಬೆರಳು ಇದ್ದ ಜಾಗದಲ್ಲೇ ತುರುಕಿ, ಹೋಗಿ ಫ್ಯೂಸು ಹಾಕಿದ.

ಟಪ್ ಅಂತ ಒಂದೇ ಸದ್ದು. ಕಡ್ಡಿಯ ಚೂರೊಂದು ಶೆಡ್ಡಿನ ಗೋಡೆಗೆ ಹೋಗಿ ಬಡಿಯಿತು, ಉಳಿದದ್ದು ಎಲ್ಲಿ ಹೋಯಿತೋ ಕಾಣಲಿಲ್ಲ.

ಚಿಕ್ಕಹನುಮಯ್ಯ ಬಲಗೈಯನ್ನು ಮೆಲ್ಲಗೆ ಕಂಕುಳಲ್ಲಿ ಇಟ್ಟುಕೊಂಡ. ಮಜ್ಜಿಗೆ ಹಿಡಿದುಕೊಂಡು ಹೆಂಡತಿ ಅಶ್ವತ್ಥಮ್ಮ ಬದುವಿನ ಮೇಲೆ ಬರುತ್ತಿದ್ದಳು. ಅವಳನ್ನು ನೋಡುತ್ತಾ ಅವನು ಸಣ್ಣ ದನಿಯಲ್ಲಿ ಹೇಳಿದ.

"ನನ್ ಬೆಳ್ಳು ದಪ್ಪ, ಸರ್ಯಾಗ್ ಓಗ್ತಿರ್ಲಿಲ್ಲ. ಅವ್ಳ್ ಬೆಳ್ಳು ಸಣ್ಣುವು, ಅವ್ಳ ಕೈಲೇ ಆಕ್ಸನ ಅಂತ ಬರೇಳಿದ್ದೆ. ಬಿಚ್ಕಂಡೋಗಿ ಪ್ರಭಣ್ಣ."

ಪ್ರಭುದೇವ ಡಬ್ಬಿ ಬಿಚ್ಚಿಕೊಂಡ. ಅಶ್ವತ್ಥಮ್ಮ ಕೊಟ್ಟ ಮಜ್ಜಿಗೆ ಅರ್ಧ ಅಂಗಿಯ ಮೇಲೆ ಚೆಲ್ಲಿತು. ಆಕೆ ಇಬ್ಬರ ಮುಖವನ್ನೂ ನೋಡಿ, ಲೋಟಕ್ಕೆ ಮತ್ತೆ ಮಜ್ಜಿಗೆ ಬಗ್ಗಿಸಿದಳು.

ಆ ಕಾರ್ಡುಗಳಿಗೆ ಬೇರೆ ಪ್ರೋಗ್ರಾಮು ತುಂಬಿದ್ದಾಯಿತು, ಚಿಕ್ಕಹನುಮಯ್ಯನ ಡಬ್ಬಿ ಮತ್ತೆ ಹೊಲ ಸೇರಿದ್ದೂ ಆಯಿತು. ಪ್ರಭುದೇವನ ಭಯ ಮಾತ್ರ ಹೋಗಲಿಲ್ಲ, ಇನ್ನಷ್ಟು ಹೆಚ್ಚಿತು. ಈಗ ಯಾವ ಡಬ್ಬಿ ತಯಾರಾದರೂ ಒಳಮನೆಯ ಕಡೆ ತಿರುಗಿ ಜಗದಾಂಬಳನ್ನು ಕರೆಯುತ್ತಾನೆ. ಅವಳು ಕೈ ಒರೆಸಿಕೊಂಡು ಬಂದು ಯುಪಿಎಸ್‌ನ ವೈರು ಕಿತ್ತು, ಮತ್ತೆ ಚುಚ್ಚುತ್ತಾಳೆ. ಮೊದಲಿನಂತೆ ನಗುವುದಿಲ್ಲ. ಬಲ್ಬು ಹತ್ತಿತೇ ಇಲ್ಲವೇ ಎಂದು ನೋಡಿ ಹೇಳುವವಳೂ ಅವಳೇ, ಯಾಕೆಂದರೆ ಆ ಹೊತ್ತಿನಲ್ಲಿ ಪ್ರಭುದೇವ ಅವಳ ಬೆರಳುಗಳನ್ನು ನೋಡುತ್ತಿರುತ್ತಾನೆ.