ಗ್ರಾಫಿಕ್ಸ್ ಕಾರ್ಡಿನ ಹಲ್ಲು

ನನಗೆ ಬಸ್ಸು ಓಡಿಸಲು ಬರುವುದಿಲ್ಲ. ಕಾರೂ ಬರುವುದಿಲ್ಲ, ಸ್ಕೂಟರೂ ಬರುವುದಿಲ್ಲ. ಸೈಕಲ್ಲು ಬರುತ್ತದೆ, ಆದರೆ ಇಳಿಜಾರು ಕಂಡೊಡನೆ ಇಳಿದು ತಳ್ಳಿಕೊಂಡು ಹೋಗುವ ಜಾತಿಯ ಸವಾರ ನಾನು. ಇಷ್ಟಾದರೂ ಇಪ್ಪತ್ತೇಳು ವರ್ಷ ಬೆಳಗಾವಿಯಿಂದ ಖಾನಾಪುರಕ್ಕೆ ದಿನವೂ ಬಸ್ಸು ಓಡಿಸಿದವನು ನಾನೇ ಎಂದರೆ ನೀವು ನಂಬಬೇಕು. ಖಾನಾಪುರದ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಬಸ್ಸಿನಲ್ಲಿ ಡ್ರೈವರನ ಬೆನ್ನ ಹಿಂದಿನ ಸೀಟು ನನ್ನದು. ಅವನು ಗೇರು ಬದಲಿಸುವಾಗ ನನ್ನ ಎಡಗೈ ಚಡಪಡಿಸುತ್ತಿತ್ತು. ತಿರುವಿನಲ್ಲಿ ಕಬ್ಬಿನ ಟ್ರ್ಯಾಕ್ಟರ್ ಎದುರಾದರೆ ನನ್ನ ಬಲಗಾಲು ತಗಡಿನ ನೆಲವನ್ನು ಒತ್ತಿ ಹಿಡಿಯುತ್ತಿತ್ತು. ಬಸ್ಸು ನಿಲ್ಲುತ್ತಿತ್ತು. ಅದೇ ಹೊತ್ತಿಗೆ ಡ್ರೈವರನೂ ಬ್ರೇಕು ಹಾಕುತ್ತಿದ್ದ ಎಂಬುದು ಬೇರೆ ಮಾತು.

ನಿವೃತ್ತಿಯಾದ ಮೇಲೆ ಈ ಸೇವೆಯೂ ನಿಂತಿತು. ಹಿಂದವಾಡಿಯ ಮನೆಯಿಂದ ಹಾಲಿನ ಅಂಗಡಿಯವರೆಗಿನ ದಾರಿಯಲ್ಲಿ ಬ್ರೇಕು ಒತ್ತುವಂಥ ಪ್ರಸಂಗಗಳು ಬರುವುದಿಲ್ಲ. ಹೀಗಿರುವಾಗ ಪಿಂಚಣಿಯ ಯಾವುದೋ ಕಾಗದದ ಪ್ರಿಂಟು ತೆಗೆಸಲು ಇರ್ಫಾನ್ ಅವರ ಕಂಪ್ಯೂಟರ್ ಅಂಗಡಿಗೆ ಹೋದೆ. ಅಲ್ಲಿ ಬಾಜು ಮೇಜಿನ ಮೇಲೆ ಅವರು ಯಾರದೋ ಯಂತ್ರವನ್ನು ರಿಪೇರಿ ಮಾಡಿ, ಪರೀಕ್ಷೆಗೆಂದು ಒಂದು ಆಟ ಹಚ್ಚಿ ಬಿಟ್ಟಿದ್ದರು. ಪರದೆಯ ಮೇಲೆ ಬಸ್ಸು. ಡ್ರೈವರನ ಸೀಟಿನಿಂದ ಕಾಣುವ ಹಾಗೆಯೇ ರಸ್ತೆ. ಮಳೆ ಬೀಳುತ್ತಿತ್ತು, ವೈಪರು ಆಡುತ್ತಿತ್ತು, ಗಾಜಿನ ಮೇಲಿನ ಒಂದೊಂದು ಹನಿಯೂ ತನ್ನದೇ ದಾರಿ ಹಿಡಿದು ಇಳಿಯುತ್ತಿತ್ತು. "ಸರ್, ಪ್ರಿಂಟ್ ಆತ್ರಿ," ಎಂದು ಇರ್ಫಾನ್ ಎರಡು ಸಲ ಹೇಳಿದರಂತೆ. ನನಗೆ ಕೇಳಿಸಲಿಲ್ಲ. ನನ್ನ ಬಲಗಾಲು ಅವರ ಅಂಗಡಿಯ ಫರಸಿ ನೆಲವನ್ನು ಒತ್ತಿ ಹಿಡಿದಿತ್ತು.

ಅರವತ್ತೊಂದು ವರ್ಷದ ಮನುಷ್ಯ ಆಟದ ಸಾಮಾನು ಬೇಕೆಂದು ಹೆಂಡತಿಯ ಮುಂದೆ ಬಾಯಿ ಬಿಡುವುದು ಹೇಗೆ? ಅದರಲ್ಲೂ ನನ್ನ ಹೆಂಡತಿ ಶಶಿಕಲಾ ಹಿಂಡಲಗಾದ ಆಚೆಯ ಹಳ್ಳಿಯೊಂದರ ಸಾಲೆಯಲ್ಲಿ ಹೆಡ್‌ಬಾಯಿ, ಅಂದರೆ ಮುಖ್ಯೋಪಾಧ್ಯಾಯಿನಿ, ಆಗಿ ನಿವೃತ್ತಳಾದವಳು. ಮನೆಪಾಠ ಮಾಡದೆ ಬಂದವರನ್ನು ಬಾಗಿಲಲ್ಲೇ ಕಣ್ಣು ನೋಡಿ ಹಿಡಿಯುತ್ತಿದ್ದವಳು. ಆದ್ದರಿಂದ ನಾನು ಕಣ್ಣು ತಪ್ಪಿಸಿ, ಗೋಡೆಯ ಕ್ಯಾಲೆಂಡರನ್ನು ಉದ್ದೇಶಿಸಿ, ಪುಸ್ತಕವೊಂದನ್ನು ಬರೆಯಲು ಸಂಕಲ್ಪಿಸಿರುವುದಾಗಿಯೂ ಅದಕ್ಕೆ ಕಂಪ್ಯೂಟರ್ ಅವಶ್ಯವಾಗಿರುವುದಾಗಿಯೂ ಪ್ರಕಟಿಸಿದೆ. ವಿಷಯ: ಬೆಳಗಾವಿ–ಖಾನಾಪುರ ರಸ್ತೆಯ ಇತಿಹಾಸ. ಸುಳ್ಳು ಹೇಳುವಾಗಲೂ ರಸ್ತೆ ಬಿಟ್ಟು ಇಳಿಯಲಾಗಲಿಲ್ಲ ನೋಡಿ.

ಅವಳು ಸಂತೋಷಪಟ್ಟಳು. ನಾನು ಹೆದರುವಷ್ಟು ಸಂತೋಷಪಟ್ಟಳು. ನಮ್ಮ ಮನೆಯ ಸೋಫಾದ ಒಂದು ಸ್ಪ್ರಿಂಗು ಕೂತವರನ್ನು ಕುಟುಕುತ್ತಿದ್ದುದರಿಂದ ಹೊಸದನ್ನು ಕೊಳ್ಳಲು ನಲವತ್ತೈದು ಸಾವಿರ ರೂಪಾಯಿ ಕೂಡಿಸಿಟ್ಟಿದ್ದೆವು. ಅದನ್ನು ಹಾಗೆಯೇ ಎತ್ತಿ ಕೊಟ್ಟಳು. "ಸೋಫಾ ಯಾವಾಗರೆ ಬರತೈತ್ರಿ. ಪುಸ್ತಕ ನೀವಽ ಬರೀಬೇಕು," ಎಂದಳು. ಮರುದಿನವೇ ನಾಲ್ಕು ಮಂದಿ ಗೆಳತಿಯರಿಗೆ ಸುದ್ದಿ ಮುಟ್ಟಿಸಿದಳು. ಮೂರನೆಯ ದಿನ ಹಾಲಿನ ಅಂಗಡಿಯವನು ನನ್ನನ್ನು ಲೇಖಕರೇ ಎಂದು ಕರೆದ. ಇಷ್ಟಾದ ಮೇಲೆ ನಿಜ ಹೇಳುವುದೆಂದರೆ ತುಂಬಿದ ಬಸ್ಸನ್ನು ಘಾಟಿನಲ್ಲಿ ಹಿಂದಕ್ಕೆ ತಿರುಗಿಸಿದ ಹಾಗೆ.

ಅವಳು ಹಾಕಿದ ಕರಾರು ಎರಡು. ಒಂದು, ಆ ಹಣದ ಮೇಲೆ ಒಂದು ರೂಪಾಯಿಯೂ ಹೋಗಕೂಡದು. ಎರಡು, ಸಾಮಾನು ಆರಿಸುವಾಗ ಅವಳ ತಮ್ಮ ಪರಶುರಾಮ ಜೊತೆಗಿರಬೇಕು. ಪರಶುರಾಮ ಖಾನಾಪುರದವನು, ಎಮ್ಮೆಗಳ ವ್ಯಾಪಾರ ಮಾಡುತ್ತಾನೆ. ಕಂಪ್ಯೂಟರನ್ನು ಅವನು ಬ್ಯಾಂಕಿನ ಗಾಜಿನ ಆಚೆಗೆ ಮಾತ್ರ ಕಂಡವನು. ಆದರೆ ನನ್ನ ಹೆಂಡತಿಯ ತವರಿನಲ್ಲಿ ಖರೀದಿ ಎಂಬುದು ಒಂದೇ ವಿದ್ಯೆ. ಎಮ್ಮೆ ಕೊಳ್ಳಬಲ್ಲವನು ಏನನ್ನಾದರೂ ಕೊಳ್ಳಬಲ್ಲ. ನನ್ನ ಮದುವೆಯ ಬಟ್ಟೆಯನ್ನೂ ಅವರ ತಂದೆ ಹಾಗೆಯೇ ಆರಿಸಿದ್ದರು. ಬಹುಶಃ ನನ್ನನ್ನೂ.

ಅಂಗಡಿಯಲ್ಲಿ ಇರ್ಫಾನ್ ಕೇಳಿದ ಮೊದಲ ಪ್ರಶ್ನೆಯೇ ನನ್ನನ್ನು ಕೆಡವಿತು. "ಸರ್, ಯೂಸ್ ಏನ್ರಿ?"

ಗ್ರಂಥಾರಂಭದಲ್ಲಿಯೇ ವಿಷಯ, ಅಧಿಕಾರಿ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನೂ ಹೇಳಿಬಿಡಬೇಕೆಂದು ನಮ್ಮ ಶಾಸ್ತ್ರಕಾರರು ವಿಧಿಸಿದ್ದಾರೆ. ಇಂಥ ಕಟ್ಟುನಿಟ್ಟನ್ನು ಈಗ ಉಳಿಸಿಕೊಂಡಿರುವವರು ಕಂಪ್ಯೂಟರ್ ಅಂಗಡಿಯವರು ಮಾತ್ರ. ಪ್ರಯೋಜನ ಹೇಳದೆ ಅವರು ಒಂದು ಸ್ಕ್ರೂ ಕೂಡ ತೋರಿಸುವುದಿಲ್ಲ. ಮೈದುನ ಪಕ್ಕದಲ್ಲಿಯೇ ನಿಂತಿದ್ದ. "ಬರವಣಿಗೆ," ಎಂದೆ.

"ಹಂಗಾದ್ರ ಭಾಳ ಸಸ್ತಾದಾಗ ಆಗತೈತ್ರಿ ಸರ್. ಆಫೀಸಿನ್ಯಾಗ ವಾಪರಿಸಿದ್ದು, ಹಳೇದು, ಒಂದು ಐತಿ. ಹನ್ನೆರಡು ಸಾವಿರ."

ಲೋಕದಲ್ಲಿ ಎಲ್ಲ ಗಿರಾಕಿಗಳೂ ಬೆಲೆ ಇಳಿಸಲು ಹೆಣಗುತ್ತಾರೆ. ಬೆಲೆ ಏರಿಸಲು ಹೆಣಗಿದ ಮೊದಲಿಗ ನಾನೇ ಇರಬೇಕು. ಸ್ವಲ್ಪ ಗಟ್ಟಿ ಇರಲಿ ಎಂದೆ. ಇದು ಗಟ್ಟಿಯೇ ಎಂದರು. ಪುಸ್ತಕದಲ್ಲಿ ಫೋಟೋಗಳು ಬಹಳ ಎಂದೆ. ಇದರಲ್ಲಿ ಸಾವಿರ ಫೋಟೋ ಹಿಡಿಯುತ್ತವೆ ಎಂದರು. ಮಳೆಯ ಫೋಟೋಗಳು, ಒಂದೊಂದು ಹನಿಯೂ ಬೇರೆಯಾಗಿ ಕಾಣಬೇಕು ಎಂದೆ. ಇರ್ಫಾನ್ ನನ್ನನ್ನು ನೋಡಿದರು. ನಂತರ, ಅಂದು ಬಸ್ಸು ಓಡುತ್ತಿದ್ದ ಆ ಬಾಜು ಮೇಜನ್ನು ನೋಡಿದರು. ಸಭ್ಯ ಮನುಷ್ಯ; ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟವನು ಪರಶುರಾಮ. ಅಕ್ಕನ ಗಂಡನಾದ ನನ್ನನ್ನು ಅವನು ಖಾನಾಪುರದ ರೂಢಿಯಂತೆ ದಾಜಿ ಎನ್ನುತ್ತಾನೆ.

"ದಾಜಿ, ಖರೇ ಹೇಳ್ರಿ. ಹಾಲಿಗೆ ಎಮ್ಮಿ ನೋಡಾಕತ್ತೀರೋ, ಓಟಕ್ಕ ಕ್ವಾಣ ನೋಡಾಕತ್ತೀರೋ?"

ನಾನು ತಗ್ಗಿದ ದನಿಯಲ್ಲಿ ತಪ್ಪೊಪ್ಪಿಕೊಂಡೆ. ಅವನು ನಗಲಿಲ್ಲ. ನಕ್ಕಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಕೋಣ ಎಂದು ಮೊದಲೇ ಹೇಳಿದ್ದರೆ ಇಷ್ಟು ಹೊತ್ತು ಹಾಳಾಗುತ್ತಿರಲಿಲ್ಲವಲ್ಲ ಎಂಬ ವೃತ್ತಿಪರ ಬೇಸರವಷ್ಟೇ ಅವನ ಮುಖದಲ್ಲಿತ್ತು. "ಅಕ್ಕಗ ನಾ ಹೇಳೂದಿಲ್ಲ," ಎಂದ. ಸ್ವಲ್ಪ ತಡೆದು, "ಆದ್ರ ಆಕಿ ಕೇಳಿದ್ರ ಸುಳ್ಳೂ ಹೇಳೂದಿಲ್ಲ. ನೀವಽ ಮೊದಲ ಹೇಳಿಬಿಡ್ರಿ," ಎಂದ. ಆ ಮಾತು ಸೋಫಾದ ಸ್ಪ್ರಿಂಗಿನಂತೆ ಕುಟುಕುತ್ತ ಉಳಿಯಿತು.

ಬಳಿಕ ನಡೆದ ಆಯ್ಕೆಯಲ್ಲಿ ನಾನು ಪ್ರೇಕ್ಷಕ. ಲೆಕ್ಕ ಮಾಡುವ ಪ್ರೊಸೆಸರು, ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡು, ಇವೆರಡೂ ಸಮಬಲವಾಗಿರಬೇಕು, ಒಂದು ಜೋರಾಗಿ ಇನ್ನೊಂದು ಸೊರಗಿದ್ದರೆ ಹಣ ದಂಡ ಎಂದು ಇರ್ಫಾನ್ ವಿವರಿಸಿದರು. ನನಗೆ ಅರ್ಥವಾಗುವ ಮೊದಲೇ ಪರಶುರಾಮನಿಗೆ ಅರ್ಥವಾಯಿತು. ನೊಗದ ಒಂದು ಕಡೆ ಖಿಲಾರಿ ಎತ್ತು, ಇನ್ನೊಂದು ಕಡೆ ಬಡಕಲು ಎತ್ತು ಕಟ್ಟಿದರೆ ಗಾಡಿ ಓರೆಯಾಗುತ್ತದೆಯಲ್ಲವೇ? ಅಷ್ಟೇ. ಕರೆಂಟು ಹಂಚುವ ಎಸ್‌ಎಂಪಿಎಸ್ ಎಂಬ ಡಬ್ಬಿಯಲ್ಲಿ ಮಾತ್ರ ಉಳಿತಾಯ ಮಾಡಬೇಡಿ, ಅದು ಸುಟ್ಟರೆ ಉಳಿದದ್ದನ್ನೂ ಸುಡುತ್ತದೆ ಎಂದರು. "ಮೇವಿನ್ಯಾಗ ಉಳಸಬಾರದು," ಎಂದು ಪರಶುರಾಮ ತಲೆಯಾಡಿಸಿದ. ಇಬ್ಬರೂ ಒಂದೇ ಗುರುಕುಲದವರಂತೆ ಮುಂದುವರಿದರು. ರ‍್ಯಾಮಿನ ದರ ಈಗ ಬಂಗಾರದ ಜೊತೆ ಪೈಪೋಟಿಗಿಳಿದಿದೆಯಂತೆ. ಅದಕ್ಕಾಗಿ ಆಟಕ್ಕೆ ಜೋಡಿಸುವ ಸ್ಟೇರಿಂಗ್ ಚಕ್ರ ಬಿಟ್ಟೆವು. ಬಾಣದ ಗುರುತಿನ ನಾಲ್ಕು ಗುಂಡಿಗಳಿಂದ ಬಸ್ಸು ಓಡಿಸುವುದೆಂದಾಯಿತು. ಹೊರಗಿನ ಪೆಟ್ಟಿಗೆಗಳಲ್ಲಿ ಎಲ್ಲಕ್ಕಿಂತ ಅಗ್ಗವಾದದ್ದಕ್ಕೆ ಏಳು ಬಣ್ಣದ ದೀಪಗಳಿದ್ದವು. ದೀಪವಿಲ್ಲದ್ದು ದುಬಾರಿ. ಸರಳತೆಗೆ ಹೆಚ್ಚು ಬೆಲೆ ಎಂಬುದನ್ನು ದೊಡ್ಡವರು ಹೇಳುತ್ತಾರೆ. ನಾನು ಬಿಲ್ಲಿನಲ್ಲಿ ಕಂಡೆ.

ಹೊಸ ಗ್ರಾಫಿಕ್ಸ್ ಕಾರ್ಡಿಗೆ ಹಣ ಸಾಲಲಿಲ್ಲ. ದೇಸೂರಿನಲ್ಲಿ ಪ್ರಶಾಂತ ಎಂಬವನು ತನ್ನದನ್ನು ಮಾರುತ್ತಿದ್ದಾನೆಂದು ಇರ್ಫಾನ್ ಹೇಳಿದರು. ಪರಶುರಾಮನ ಪಿಕಪ್ ಗಾಡಿಯಲ್ಲಿ ಹೊರಟೆವು. ಹಿಂದೆ ಎಮ್ಮೆಯ ಹಗ್ಗ, ಹಿಂಡಿಯ ಚೀಲ, ಮುಂದೆ ನಾನು. ಅದೇ ಖಾನಾಪುರ ರಸ್ತೆ. ಎರಡನೆಯ ತಿರುವಿನಲ್ಲಿ ಅವನು ನನ್ನ ಕಾಲನ್ನು ನೋಡಿ ಹೇಳಿದ: "ದಾಜಿ, ಬ್ರೇಕ್ ನನ್ನ ಕಡೆ ಐತಿ."

ಪ್ರಶಾಂತ ಮೂವತ್ತರ ಆಸುಪಾಸಿನವನು, ಫೌಂಡ್ರಿಯಲ್ಲಿ ಕೆಲಸ. ಪಾಳಿ ಬದಲಾದ ಮೇಲೆ ಆಟಕ್ಕೆ ಹೊತ್ತು ಸಿಗುತ್ತಿಲ್ಲ ಎಂದ. ಪರಶುರಾಮ ಕಾರ್ಡನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದ. ಅದರ ಅಂಚಿನಲ್ಲಿ ಬಂಗಾರದ ಬಣ್ಣದ ಸಣ್ಣ ಸಣ್ಣ ಪಟ್ಟಿಗಳ ಸಾಲಿರುತ್ತದೆ. ಅವನ್ನು ಹೆಬ್ಬೆರಳಿನಿಂದ ಸವರಿ, "ಹಲ್ಲು ಚಲೋ ಅದಾವು," ಎಂದ. ಎಷ್ಟು ವರ್ಷ ದುಡಿಸಿದ್ದು, ಬಾಡಿಗೆಗೆ ಬಿಟ್ಟಿದ್ದುಂಟೇ, ಮೈ ಕಾಯಿಸಿಕೊಳ್ಳುತ್ತದೆಯೇ ಎಂದೆಲ್ಲ ವಿಚಾರಿಸಿದ. ಪ್ರಶಾಂತ ಎಲ್ಲಕ್ಕೂ ಉತ್ತರ ಕೊಟ್ಟ. ಪ್ರಶ್ನೆಗಳು ಸರಿಯಾಗಿಯೇ ಇದ್ದವಲ್ಲ! ಬಿಟ್‌ಕಾಯಿನ್‌ನಂಥ ಕಾಯಿನ್ ಗಳಿಸುವ ಕೆಲಸಕ್ಕೆ ಹಗಲಿರುಳು ಹೂಡಿದ ಕಾರ್ಡುಗಳು ಬೇಗ ಸಾಯುತ್ತವಂತೆ. ಇದನ್ನು ಹಾಗೆ ಹೂಡಿಲ್ಲ ಎಂದು ಆಣೆ ಮಾಡಿದ. "ಹಾಲು ಹಿಂಡಿ ತೋರಸು," ಎಂದ ಪರಶುರಾಮ. ಅರ್ಧ ತಾಸು ಆಟ ಓಡಿಸಿ ತೋರಿಸಿದ್ದಾಯಿತು. ಅಷ್ಟು ಹೊತ್ತೂ ಪರಶುರಾಮ ಪರದೆಯ ಕಡೆಗೆ ಕಣ್ಣೆತ್ತಲಿಲ್ಲ. ಕಾರ್ಡಿನ ಹತ್ತಿರ ಅಂಗೈ ಹಿಡಿದು, ಕಿವಿಗೊಟ್ಟು, ಅದರ ಉಸಿರು ಕೇಳುತ್ತ ಕುಳಿತಿದ್ದ.

ನಂತರ ಹೆಗಲ ಮೇಲಿನ ಟವೆಲ್ ತೆಗೆದು ಪ್ರಶಾಂತನ ಕೈ ಮೇಲೆ ಹೊದಿಸಿದ. ದನದ ಪೇಟೆಯಲ್ಲಿ ದರ ಬಾಯಲ್ಲಿ ಆಡುವುದಿಲ್ಲ. ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ಆಡುತ್ತಾರೆ, ಸುತ್ತ ನಿಂತವರಿಗೆ ತಿಳಿಯಬಾರದೆಂದು. ಪ್ರಶಾಂತ ಗಾಬರಿಯಾಗಿ, "ಕಾಕಾ, ಇದೇನ್ರಿ?" ಎಂದು ನನ್ನನ್ನು ಕೇಳಿದ. ಪರಶುರಾಮ ಇಡೀ ಓಣಿಗೆ ಕೇಳುವಂತೆ ವಿವರಿಸಿದ: "ಒಂದು ಬೆರಳು ಅಂದ್ರ ಸಾವಿರ. ಅರ್ಧಾ ಬೆರಳು ಅಂದ್ರ ಐನೂರು. ಒಪ್ಪಿಗಿ ಆತಂದ್ರ ಒತ್ತಬೇಕು." ಗುಟ್ಟಿನ ಪಾಠ ಮುಗಿದ ಮೇಲೆ ಗುಟ್ಟಿನ ವ್ಯವಹಾರ ಶುರುವಾಯಿತು. ಟವೆಲ್ಲು ಅಲ್ಲಾಡಿತು, ಉಬ್ಬಿತು, ಸ್ತಬ್ಧವಾಯಿತು. ಪರಶುರಾಮ ನನ್ನ ಹಣದ ಲಕೋಟೆ ಇಸಿದುಕೊಂಡು, ಬೆನ್ನು ತಿರುಗಿಸಿ ಎಣಿಸಿ ಕೊಟ್ಟ. ಎಷ್ಟಾಯಿತು ಎಂದರೆ, "ಟವೆಲ್ ಕೆಳಗಿನ ಮಾತು ಮ್ಯಾಲೆ ತರೂದಿಲ್ಲ," ಎಂದ. ಉಳಿದ ಹಣ ಎಣಿಸಿದರೆ ಬೆಲೆ ತಿಳಿಯುತ್ತದೆ ಎಂಬಷ್ಟು ಗಣಿತ ನನಗೂ ಬರುತ್ತದೆ. ಅಷ್ಟು ಗಂಭೀರವಾದ ಮುಖದ ಮುಂದೆ ಕಳೆಯುವ ಲೆಕ್ಕ ಮಾಡುವುದು ಅಸಭ್ಯವೆನಿಸಿತು.

ಕಾರ್ಡನ್ನು ಕೊಡುವಾಗ ಪ್ರಶಾಂತ ಅದರ ಧೂಳನ್ನು ತನ್ನ ಅಂಗಿಯ ತುದಿಯಿಂದ ಒರೆಸಿದ. ಒರೆಸಿದ ಮೇಲೂ ಕೈ ಒಂದು ಗಳಿಗೆ ಅಲ್ಲಿಯೇ ಇತ್ತು. ಗಾಡಿ ಹೊರಟ ಮೇಲೆ ಪರಶುರಾಮ ಹೇಳಿದ: "ಹಲ್ಲು ಗಿಲ್ಲು ಎಲ್ಲಾ ಸುಮ್ಮನ, ದಾಜಿ. ಮಾರಾಂವ ಹಗ್ಗ ಕೊಡಾಕಿಂತ ಮೊದಲ ಒಮ್ಮೆ ಮೈ ಸವರತಾನೋ ಇಲ್ಲೋ, ನಾ ನೋಡೂದು ಅಷ್ಟಽ."

ಮೂರು ದಿನದಲ್ಲಿ ಯಂತ್ರ ಮನೆಗೆ ಬಂತು. ಸಂಜೆ ನಾಲ್ಕಕ್ಕೆ ಶಶಿಕಲಾ ಅದರ ಮುಂದೆ ಸೋಫಾ ಎಳೆದುಕೊಂಡು, ಮೊದಲ ಅಧ್ಯಾಯ ಕೇಳಲು ಕುಳಿತಳು. ಗುಂಡಿ ಒತ್ತಿದೆ. ಪೆಟ್ಟಿಗೆ ಏಳು ಬಣ್ಣದಲ್ಲಿ ಹೊತ್ತಿಕೊಂಡಿತು.

"ಅಲ್ರೀ, ಪುಸ್ತಕ ಬರಿಯಾಕ ಇಷ್ಟು ದೀಪ ಯಾಕ?"

ದೀಪವಿಲ್ಲದ್ದು ದುಬಾರಿ ಎಂಬ ನಿಜವಾದ ಉತ್ತರ ಇತ್ತು. ಆದರೆ ಅವಳು ಕೇಳಿದ್ದು ಅದನ್ನಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ನಾನು ಕ್ಯಾಲೆಂಡರನ್ನು ಹುಡುಕಿದೆ. ಅದು ಬೆನ್ನ ಹಿಂದಿನ ಗೋಡೆಯಲ್ಲಿತ್ತು. ಅನ್ಯಮಾರ್ಗವಿಲ್ಲದೆ ಆಟ ಹಚ್ಚಿದೆ. ಬಸ್ಸು, ಮಳೆ, ವೈಪರು. "ಇದಕ್ಕಽ ತಂದದ್ದು," ಎಂದೆ. "ಸುಳ್ಳು ಹೇಳಿದೆ." ಅವಳು ನನ್ನ ಕಣ್ಣು ನೋಡಿದಳು. ಹೆಡ್‌ಬಾಯಿಯ ನೋಟ ಎಂಥದ್ದೆಂದು ಅವಳ ಸಾಲೆಯಲ್ಲಿ ಕಲಿತವರನ್ನು ಕೇಳಬೇಕು. ಬಸ್ಸನ್ನು ಹೊರಡಿಸಿದೆ. ಮೊದಲ ನಿಲ್ದಾಣದಲ್ಲಿ ಕೈಚೀಲ ಹಿಡಿದ ಮುದುಕಿಯೊಬ್ಬಳು ನಿಂತಿದ್ದಳು. ಅಂಜಿಕೆಯ ಭರದಲ್ಲಿ ಅವಳನ್ನು ದಾಟಿಕೊಂಡು ಹೋದೆ.

"ನಿಲ್ಲಸ್ರಿ!"

"ಆಟ ಐತಿ, ಶಶಿ. ಆಕಿ ಖರೇ ಮುದುಕಿ ಅಲ್ಲ."

"ಹಿಂಡಲಗಾ ಸ್ಟಾಪಿನ್ಯಾಗ ಇಷ್ಟು ವರ್ಷ ನಾ ಖರೇನಽ ನಿಂತಿದ್ದೆನ್ರಿ. ಆವಾಗರೆ ಯಾರ ನಿಲ್ಲಿಸ್ಯಾರ?"

ನನ್ನ ಬೆರಳು ಗುಂಡಿಯ ಮೇಲೆ ನಿಂತಿತು. ಇಪ್ಪತ್ತೇಳು ವರ್ಷದ ನನ್ನ ಚಾಲಕ ಸೇವೆಯಲ್ಲಿ ಈ ಬಲಗಾಲು ಟ್ರ್ಯಾಕ್ಟರಿಗೆ ಒತ್ತಿದೆ, ಎಮ್ಮೆಗೆ ಒತ್ತಿದೆ, ನಾಯಿಗೂ ಒತ್ತಿದೆ. ನಿಲ್ದಾಣದಲ್ಲಿ ಕೈ ಎತ್ತಿ ನಿಂತವರಿಗಾಗಿ ಒಮ್ಮೆಯೂ ಒತ್ತಿದ ನೆನಪಿಲ್ಲ. ಬಸ್ಸು ನಿಲ್ಲದೆ ಮುಂದೆ ಹೋದರೆ ಕಚೇರಿಗೆ ಹೊತ್ತಿಗೆ ಸರಿಯಾಗಿ ಮುಟ್ಟಿದೆನೆಂದು ಖುಷಿಪಡುತ್ತಿದ್ದವನು ನಾನು. ಅದೇ ಬೆಳಗಿನಲ್ಲಿ, ಊರಿನ ಇನ್ನೊಂದು ತುದಿಯಲ್ಲಿ, ಇನ್ನೊಂದು ಬಸ್ಸು ಇವಳ ಮುಂದೆ ಧೂಳೆಬ್ಬಿಸಿ ಹೋಗುತ್ತಿತ್ತು. ಮನೆಗೆ ಬಂದು ಹೇಳುತ್ತಿದ್ದಳು. ನಾನು ಪೇಪರು ಓದುತ್ತಿದ್ದೆ.

ರಿವರ್ಸ್ ಹಾಕಿದೆ. ಮುದುಕಿ ಹತ್ತಿದಳು. ಆಟವು ನನ್ನ ಅಂಕಗಳನ್ನು ಕಡಿತ ಮಾಡಿತು. ಶಶಿಕಲಾ ಸೋಫಾದಲ್ಲಿ ಹಿಂದಕ್ಕೆ ಒರಗಿದಳು.

ಈಗ ನಮ್ಮ ಬಸ್ಸಿಗೊಂದು ವೇಳಾಪಟ್ಟಿ ಇದೆ. ರಸ್ತೆಯ ಇತಿಹಾಸದ ಒಂದು ಪುಟ ಬರೆದು ತೋರಿಸಿದ ಮೇಲೆಯೇ ಡಿಪೋದಿಂದ ಬಿಡುಗಡೆ. ಹನ್ನೊಂದು ಪುಟವಾಗಿದೆ, ಇತಿಹಾಸ ಇನ್ನೂ ದೇಸೂರು ಮುಟ್ಟಿಲ್ಲ. ಪ್ರತಿ ನಿಲ್ದಾಣದಲ್ಲೂ ನಿಲ್ಲಬೇಕು. ಎಲ್ಲರೂ ಹತ್ತಿದರೆಂದು ಅವಳಿಗೆ ಖಾತ್ರಿಯಾದ ಮೇಲೆ, ಸಾಲೆಯವರು ಬೀಳ್ಕೊಡುವಾಗ ಕೊಟ್ಟ ಹಿತ್ತಾಳೆಯ ಗಂಟೆಯನ್ನು ಎರಡು ಸಲ ಬಾರಿಸುತ್ತಾಳೆ. ಸೆಕೆಂಡಿಗೆ ಅರವತ್ತು ಚಿತ್ರ ಬಿಡಿಸುವ ಕಾರ್ಡು, ಅದಕ್ಕೆ ಸರಿಜೋಡಿಯಾದ ಪ್ರೊಸೆಸರು, ಬಂಗಾರದ ಬೆಲೆಯ ರ‍್ಯಾಮು, ಇವೆಲ್ಲ ಅಲ್ಲಿಯವರೆಗೆ ನಿಂತಲ್ಲೇ ನಿಂತಿರುತ್ತವೆ. ಹಳೆಯ ಸೋಫಾ ಸರಕಾರಿ ಬಸ್ಸಿನ ಸೀಟಿನಂತೆಯೇ ಕುಟುಕುವುದರಿಂದ ಪ್ರಯಾಣಕ್ಕೆ ಏನೂ ಕೊರತೆಯಿಲ್ಲ.

ತಿರುವಿನಲ್ಲಿ ಲಾರಿ ಎದುರಾದಾಗ ನನ್ನ ಹಿಂದೆ ಒಂದು ಸಪ್ಪಳವಾಗುತ್ತದೆ: ಅವಳ ಬಲಗಾಲು ನೆಲವನ್ನು ಒತ್ತುವ ಸಪ್ಪಳ. ಬ್ರೇಕ್ ನನ್ನ ಕಡೆ ಐತಿ ಎಂದು ಹೇಳಬಹುದು. ಹೇಳುವುದಿಲ್ಲ. ಇಬ್ಬರು ಒತ್ತಿದರೆ ಬಸ್ಸು ಸರಿಯಾಗಿ ನಿಲ್ಲುತ್ತದೆ ಎಂಬುದು ನನ್ನ ಇಪ್ಪತ್ತೇಳು ವರ್ಷದ ಅನುಭವ.