ಕೆಂಚ ನನ್ನ ಕಡೆ ನೋಡದ ದಿನ

ಪೊಲೀಸ್ ಶ್ವಾನದಳದಲ್ಲಿ ಹ್ಯಾಂಡ್ಲರ್ ಆಗಿ ಆಯಸ್ಸು ಸವೆಸಿ, ಈಚೆಗೆ ನಿವೃತ್ತನಾಗಿ ದಾವಣಗೆರೆಗೆ ಬಂದು ಕೂತವನು ನಾನು. ಹ್ಯಾಂಡ್ಲರ್ ಅಂದರೆ ನಾಯಿಯನ್ನು ಸಾಕುವವನು, ಅದಕ್ಕೆ ಕಲಿಸುವವನು, ಅದರ ಜೊತೆ ಡ್ಯೂಟಿಗೆ ಹೋಗುವವನು, ಎಲ್ಲಾ ಒಬ್ಬನೇ. ಕಳವಾದ ಮನೆಗಳು, ಮಂತ್ರಿಗಳು ಬರುವ ವೇದಿಕೆಗಳು, ಬಸ್ ನಿಲ್ದಾಣದಲ್ಲಿ ವಾರಸುದಾರರಿಲ್ಲದೆ ಬಿದ್ದ ಚೀಲಗಳು, ಎಲ್ಲಾ ಕಡೆ ನಾಯಿಯ ಹಿಂದೆ ಓಡಿದ್ದೇನೆ. ಆದರೂ ನಿಮ್ಮ ಸರ್ವೀಸಿನಲ್ಲಿ ಮರೆಯಲಾಗದ ಕೇಸು ಯಾವುದು ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಸರ್ವೀಸು ಮುಗಿದ ಮರುವರ್ಷ ನಡೆದದ್ದನ್ನು. ಅದರಲ್ಲಿ ಕಳ್ಳನೂ ಇಲ್ಲ, ಬಾಂಬೂ ಇಲ್ಲ. ಒಂದು ಸಿನಿಮಾ, ಒಬ್ಬಳು ಹುಡುಗಿ, ಒಂದು ನಾಯಿ. ಈಗ ನೆನೆಸಿಕೊಂಡರೂ ಮೈ ಜುಮ್ಮೆನ್ನುತ್ತದೆ.

ನಾಯಿ ನನ್ನದೇ. ಹೆಸರು ಕೆಂಚ. ಊರಂಚಿನ ಆವರಗೆರೆಯಲ್ಲಿ ನಾವು ಮನೆ ಕಟ್ಟಿಸುವಾಗ ಜಲ್ಲಿ ಗುಡ್ಡೆಯ ಪಕ್ಕ ಸಿಕ್ಕ ಬೀದಿ ಮರಿ. ನಿವೃತ್ತನಾದವನ ಕೈ ಸುಮ್ಮನಿರುತ್ತದೆಯೇ? ಇಲಾಖೆಯ ನಾಯಿಗೆ ಕಲಿಸುವುದನ್ನೆಲ್ಲ ಅವನಿಗೆ ಕಲಿಸಿದೆ, ಕಲಿಸದಿದ್ದದ್ದನ್ನೂ ಕಲಿಸಿದೆ. ಟಿಫಿನ್ ಕ್ಯಾರಿಯರ್ ಕಚ್ಚಿಕೊಂಡು ಹೋಗುವುದು, ಏಣಿ ಹತ್ತುವುದು, ಸೈಕಲ್ ಬೆಲ್ ಬಾರಿಸುವುದು, ಸತ್ತ ಹಾಗೆ ಬೀಳುವುದು. ಬೆರಳೆತ್ತಿದರೆ ಕೂರುತ್ತಿದ್ದ. ಅಂಗೈ ತೋರಿಸಿದರೆ ಸಿಡಿಲು ಬಡಿದರೂ ಅಲುಗುತ್ತಿರಲಿಲ್ಲ. ನಮ್ಮ ಮಕ್ಕಳಿಗೆ ಇದರಲ್ಲಿ ಕಾಲು ಭಾಗ ಕಲಿಸಿದ್ದರೂ ಯಾವುದಾದರೂ ಜಿಲ್ಲೆ ಆಳುತ್ತಿದ್ದವು ಎಂದು ನನ್ನ ಹೆಂಡತಿ ಹಂಗಿಸುತ್ತಿದ್ದಳು.

ಈ ಸುದ್ದಿ ಹೇಗೋ ಪಿ.ಜೆ. ಬಡಾವಣೆಯ ಚೇತನ್ ಎಂಬ ಹುಡುಗನ ಕಿವಿಗೆ ಬಿತ್ತು. ಮೊದಲ ಸಿನಿಮಾ ಮಾಡಲು ಹೊರಟ ನಿರ್ದೇಶಕ. ಮಂಡಕ್ಕಿ ಹುರಿಯುವ ಭಟ್ಟಿಯಲ್ಲಿ ಕೆಲಸ ಮಾಡುವ ತಾಯಿ, ಅವಳ ಮಗಳು, ಆ ಮಗಳಿಗೆ ಗಂಟುಬಿದ್ದ ಒಂದು ಜಾಣ ಬೀದಿನಾಯಿ, ಇದು ಕತೆ. ನಾಯಿಯನ್ನು ಯಾರೋ ಹಿಡಿದುಕೊಂಡು ಹೋಗುತ್ತಾರೆ, ಅದು ತಪ್ಪಿಸಿಕೊಂಡು ಹರಿಹರದ ಹೊಳೆ ದಂಡೆಯಲ್ಲಿ ಹುಡುಗಿಯನ್ನು ಸೇರುತ್ತದೆ. ಮನೆಮಂದಿಯೆಲ್ಲ ಕೂತು ನೋಡುವಂಥ ಚಿತ್ರ. ಕೆಂಚನ ಏಣಿ ಹತ್ತುವ ವಿದ್ಯೆ ನೋಡಿದ ಚೇತನ್ ನಮ್ಮ ಜಗುಲಿಯ ಮೇಲೆ ಕುಣಿದೇಬಿಟ್ಟ. ನಾನೂ ಒಳಗೊಳಗೇ ಕುಣಿದೆ, ಸುಳ್ಳೇಕೆ ಹೇಳಲಿ.

ಹುಡುಗಿಯ ಪಾತ್ರಕ್ಕೆ ಆರಿಸಿದ್ದು ಸಿರಿ ಎಂಬುವಳನ್ನು. ಆರನೇ ಕ್ಲಾಸು. ಅಪ್ಪ ಕರೂರು ಕೈಗಾರಿಕಾ ಪ್ರದೇಶದಲ್ಲಿ ಲೇತ್ ಯಂತ್ರದ ಮೇಲೆ ಕೆಲಸ ಮಾಡುತ್ತಾರೆ. ಶಾಲೆಯ ನಾಟಕದಲ್ಲಿ ಅವಳನ್ನು ನೋಡಿ ಚೇತನ್ ಕರೆತಂದಿದ್ದ. ಸಿನಿಮಾಕ್ಕೆ ಸೇರಿದ ವಿಷಯ ಶಾಲೆಗೆಲ್ಲ ಹಬ್ಬಿ, ಮೇಷ್ಟ್ರುಗಳೂ ಅವಳನ್ನು ನಿಲ್ಲಿಸಿಕೊಂಡು ಮಾತಾಡಿಸುತ್ತಿದ್ದರಂತೆ. ನನ್ನನ್ನು ಮೊದಲ ದಿನವೇ ಅಜ್ಜ ಎಂದು ಕರೆದಳು. ಮೀಸೆಗೆ ಆವತ್ತಷ್ಟೇ ಬಣ್ಣ ಹಚ್ಚಿಕೊಂಡು ಹೋಗಿದ್ದೆ, ಸ್ವಲ್ಪ ಬೇಜಾರಾಯಿತು.

ಶೂಟಿಂಗ್ ಶುರುವಾಗುವ ಮುಂಚೆ ಎಲ್ಲರನ್ನೂ ನಿಲ್ಲಿಸಿ ನಮ್ಮ ದಳದ ನಿಯಮ ಹೇಳಿದೆ. ನಾಯಿಗೆ ನಾನೊಬ್ಬನೇ ಊಟ ಹಾಕುವವನು. ಬೇರೆ ಯಾರೂ ಕರೆಯುವಂತಿಲ್ಲ, ಮುದ್ದು ಮಾಡುವಂತಿಲ್ಲ, ಬಿಸ್ಕತ್ತು ತೋರಿಸುವಂತಿಲ್ಲ. ಇಲಾಖೆಯಲ್ಲಿ ಇದು ಕಟ್ಟುನಿಟ್ಟು, ಕಾರಣವೂ ಇದೆ. ಕಂಡಕಂಡವರ ಕೈಯಲ್ಲಿ ತಿನ್ನುವ ನಾಯಿ ಕಳ್ಳನ ಕೈಯಲ್ಲೂ ತಿನ್ನುತ್ತದೆ. ಲೈಟ್ ಹುಡುಗರಿಂದ ಹಿಡಿದು ಚೇತನ್‌ವರೆಗೆ ಎಲ್ಲರೂ ತಲೆಯಾಡಿಸಿದರು. ಸಿರಿಯೂ ಆಡಿಸಿದಳು.

ದಾವಣಗೆರೆಯ ಶೂಟಿಂಗ್ ಅಂದರೆ ಜಾತ್ರೆಯೋ ಜಾತ್ರೆ. ಪಿ.ಜೆ. ಬಡಾವಣೆಯ ದೋಸೆ ಹೋಟೆಲಿನ ಮುಂದೆ ಕೆಂಚ ಟಿಫಿನ್ ಕ್ಯಾರಿಯರ್ ಕಚ್ಚಿಕೊಂಡು ರಸ್ತೆ ದಾಟುವ ಶಾಟು. ಆಟೋದವರು ತಾವಾಗಿಯೇ ಬ್ರೇಕ್ ಹಾಕಿ ಮೊಬೈಲು ಹಿಡಿದರು, ಹೋಟೆಲಿನೊಳಗಿಂದ ಜನ ದೋಸೆ ಅರ್ಧಕ್ಕೆ ಬಿಟ್ಟು ಎಂಜಲು ಕೈಯಲ್ಲೇ ಈಚೆ ಬಂದರು. ಕೆಂಚ ಒಂದೇ ಟೇಕಿಗೆ ಮುಗಿಸಿದ. ಟೇಕ್ ಅಂದರೆ ಒಂದು ದೃಶ್ಯವನ್ನು ಒಂದು ಸಲ ಚಿತ್ರೀಕರಿಸುವುದು. ದೊಡ್ಡ ದೊಡ್ಡ ನಟರಿಗೇ ಹತ್ತು ಟೇಕ್ ಬೇಕಂತೆ, ನಮ್ಮವನಿಗೆ ಒಂದು. ಯೂನಿಟ್ಟಿನವರು ಅವನನ್ನು ಹೀರೋ ಎಂದರು, ನನ್ನನ್ನು ಹೀರೋ ಅಪ್ಪ ಎಂದರು. ನಾನು ಭೂಮಿಯ ಮೇಲೆ ಇರಲಿಲ್ಲ ಬಿಡಿ.

ಹರಿಹರದ ಶೂಟಿಂಗಿಗೆ ಒಂದು ವಾರ ಇರುವಾಗ ಚೇತನ್ ನನ್ನನ್ನು ಮನೆಗೆ ಕರೆಸಿದ. ಮುಖ ಸಪ್ಪಗಿತ್ತು. ಲ್ಯಾಪ್‌ಟಾಪ್ ತೆರೆದು, ಇಲ್ಲಿಯವರೆಗೆ ತೆಗೆದದ್ದನ್ನು ಜೋಡಿಸಿದ್ದೇನೆ, ನೋಡಿ ಎಂದ. ಸಿರಿಯನ್ನು ತೆಗೆದು ಬೆಂಗಳೂರಿನಿಂದ ಧಾರಾವಾಹಿಯಲ್ಲಿ ಮಾಡಿದ ಇನ್ನೊಬ್ಬ ಹುಡುಗಿಯನ್ನು ಕರೆಸಬೇಕೆಂದಿದ್ದ. ಹುಡುಗಿ ಒಳ್ಳೆಯವಳೇ, ಮಾತು ಚೆನ್ನಾಗಿ ಆಡುತ್ತಾಳೆ, ಆದರೆ ಅವಳಿಗೂ ನಾಯಿಗೂ ಗೆಳೆತನವಿದೆ ಎಂದು ನೋಡಿದವರು ನಂಬುವುದಿಲ್ಲ ಎಂಬುದು ಅವನ ಸಂಕಟ. ಗೆಳೆತನವೇ ಕಾಣದಿದ್ದರೆ ಈ ಸಿನಿಮಾದಲ್ಲಿ ಉಳಿಯುವುದಾದರೂ ಏನು?

ನಾನು ನೋಡುತ್ತಾ ಹೋದೆ. ಸಿರಿ ಕೆಂಚನನ್ನು ತಬ್ಬಿಕೊಂಡಿದ್ದಾಳೆ, ಅವನ ಕಣ್ಣು ಅವಳ ಭುಜದಾಚೆ ಎಡಕ್ಕೆ. ಸಿರಿ ಅಳುತ್ತಿದ್ದಾಳೆ, ಅವನ ಕಣ್ಣು ಬಲಕ್ಕೆ. ಸಿರಿ ಅವನ ಕಿವಿಯಲ್ಲಿ ಗುಟ್ಟು ಹೇಳುತ್ತಿದ್ದಾಳೆ, ಅವನು ಮೇಲೆ ತಾರಸಿಯ ಕಡೆ ನೋಡುತ್ತಿದ್ದಾನೆ. ಆವತ್ತು ಆ ತಾರಸಿಯ ಮೇಲೆ ನಿಂತವನು ನಾನು! ಪ್ರತಿ ಶಾಟಿನಲ್ಲೂ ನಾನು ಎಲ್ಲಿ ನಿಂತಿದ್ದೆನೋ ಅಲ್ಲಿಗೆ ಅವನ ಕಣ್ಣು. ಸಿನಿಮಾದವರು ಇದನ್ನು ಲುಕ್ ಎನ್ನುತ್ತಾರೆ, ಅಂದರೆ ಪಾತ್ರದ ನೋಟ ಎಲ್ಲಿರಬೇಕೋ ಅಲ್ಲಿರಬೇಕು.

"ಹುಡುಗಿದು ಏನೂ ತಪ್ಪಿಲ್ಲ ಕಣಪ್ಪ. ನಾಯಿ ನನ್ನ ನೋಡ್ತೈತೆ. ಬೆಂಗ್ಳೂರಿಂದ ಯಾರನ್ನ ಕರಕಂಡು ಬಂದ್ರೂ ನನ್ನೇ ನೋಡ್ತೈತೆ," ಅಂದೆ.

ಚೇತನ್ ಇನ್ನೊಮ್ಮೆ ಎಲ್ಲವನ್ನೂ ಹಾಕಿ ನೋಡಿದ. ಆಮೇಲೆ ತಲೆಯ ಮೇಲೆ ಕೈ ಹೊತ್ತು ಕೂತ. ದಾರಿ ನನಗೆ ಗೊತ್ತಿತ್ತು, ಹೇಳಲು ಬಾಯಿ ಬರುತ್ತಿರಲಿಲ್ಲ. ಹ್ಯಾಂಡ್ಲರನಿಗೆ ವರ್ಗವಾದರೆ ಇಲಾಖೆಯಲ್ಲಿ ನಾಯಿಯನ್ನು ಹೊಸಬನಿಗೆ ಹ್ಯಾಂಡಿಂಗ್ ಓವರ್ ಮಾಡುತ್ತಾರೆ. ಅಂದಿನಿಂದ ಊಟ, ಸ್ನಾನ, ವಾಕಿಂಗು ಎಲ್ಲಾ ಹೊಸಬನದು. ಹಳಬ ಆ ಕಡೆ ತಲೆ ಹಾಕಿಯೂ ಮಲಗುವಂತಿಲ್ಲ. ನಾನು ಹಾಗೆ ಎಷ್ಟೋ ನಾಯಿಗಳನ್ನು ಒಪ್ಪಿಸಿದ್ದೇನೆ. ಆದರೆ ಅವು ಸರ್ಕಾರದವು, ಕೆಂಚ ನನ್ನವನು. ಕೊನೆಗೆ ಹರಿಹರದವರೆಗೆ ಟೈಮ್ ಕೊಡು ಎಂದೆ. ಅಲ್ಲಿ ಮೊದಲು ತೆಗೆಯುವುದೇ ನಾಯಿ ಹುಡುಗಿಯನ್ನು ಸೇರುವ ದೃಶ್ಯ. ಅದು ಸರಿಬಂದರೆ ಹಳೆಯದನ್ನು ಸಿರಿಯನ್ನಿಟ್ಟುಕೊಂಡೇ ಮತ್ತೆ ತೆಗೆಯುವುದು, ಬರದಿದ್ದರೆ ಅವಳನ್ನು ಮನೆಗೆ ಕಳಿಸುವುದು. ಹೀಗೆಂದು ಒಪ್ಪಂದವಾಯಿತು.

ಸಂಜೆಯೇ ಕೆಂಚನನ್ನೂ ಅವನ ತಟ್ಟೆಯನ್ನೂ ಮೊಪೆಡ್ಡಿನ ಮೇಲೆ ಹೇರಿಕೊಂಡು ಸಿರಿಯ ಮನೆಗೆ ಹೋದೆ. ವಿಷಯ ಹೇಳಿದೆ. ಅವಳು ಕೈಯೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಳು. ನಾನು ಹಾಕಿದ ನಿಯಮವನ್ನು ಇಡೀ ಯೂನಿಟ್ಟಿನಲ್ಲಿ ಚಾಚೂ ತಪ್ಪದೆ ಪಾಲಿಸಿದವಳು ಅವಳೊಬ್ಬಳೇ ಎಂದು ಆಗ ಹೊಳೆಯಿತು.

"ಅಜ್ಜ, ಶಾಟ್ ಇಲ್ಲದಾಗೂ ಇವನ್ನ ಮುಟ್ಟಬಹುದೇನ್ರಿ?" ಎಂದು ಕೇಳಿದಳು.

ಮುಟ್ಟವ್ವ, ಎಷ್ಟು ಬೇಕಾದರೂ ಮುಟ್ಟು ಎಂದೆ. ಕೈ ಸನ್ನೆಗಳನ್ನೆಲ್ಲ ತೋರಿಸಿಕೊಟ್ಟೆ. ಕೆಂಚ ಗೇಟಿನವರೆಗೆ ನನ್ನ ಹಿಂದೆಯೇ ಬಂದ. ಅಂಗೈ ತೋರಿಸಿದೆ, ನಿಂತ. ಗಾಡಿ ಸ್ಟಾರ್ಟ್ ಮಾಡಿ ಹಿಂದೆ ತಿರುಗದೆ ಆವರಗೆರೆಗೆ ಬಂದೆ.

ಆ ವಾರ ನನಗೆ ಅನ್ನ ಸೇರಲಿಲ್ಲ. ನಾಯಿ ಇಲ್ಲವೆಂದು ನೀವೇ ಬಾಗಿಲು ಕಾಯುತ್ತಿದ್ದೀರಾ ಎಂದು ಹೆಂಡತಿ ಕಾಲೆಳೆದಳು. ದಿನಾ ಸಿರಿಯ ಅಪ್ಪನಿಗೆ ಫೋನು ಮಾಡುತ್ತಿದ್ದೆ. ಕೆಂಚ ಅವಳ ತಟ್ಟೆಯಲ್ಲೇ ಮಂಡಕ್ಕಿ ತಿನ್ನುತ್ತಾನಂತೆ, ಅವಳ ಮಂಚದ ಮೇಲೆ ಮಲಗುತ್ತಾನಂತೆ, ಓಣಿ ಹುಡುಗರ ಜೊತೆ ಚೆಂಡಿಗೆ ಜಗಳ ಆಡುತ್ತಾನಂತೆ. ನಾನು ಕಲಿಸಿದ ಸನ್ನೆ ಒಂದನ್ನೂ ಅವಳು ಮಾಡುವುದೇ ಇಲ್ಲವಂತೆ, ಸುಮ್ಮನೆ ಮಾತಾಡುತ್ತಾಳಂತೆ. ನನಗೆ ಪಿತ್ತ ನೆತ್ತಿಗೇರಿತು. ಒಂದು ವರ್ಷದ ನನ್ನ ಕೆಲಸವನ್ನು ಹೊಳೆಗೆ ಹಾಕುತ್ತಿದ್ದೀರಿ ಎಂದು ಕೂಗಾಡಿದೆ. ಅವರು ಸಮಾಧಾನವಾಗಿ, ನಾಯಿ ಬಲೇ ಖುಷಿಯಾಗಿದೆ ಸರ್ ಎಂದರು. ನಾನು ಫೋನ್ ಇಟ್ಟುಬಿಟ್ಟೆ.

ಹರಿಹರದಲ್ಲಿ ಬೇಸಿಗೆಯ ತುಂಗಭದ್ರೆ ಸೊರಗಿ, ದಂಡೆಯಲ್ಲಿ ಮರಳು ಅಗಲವಾಗಿ ತೆರೆದುಕೊಂಡಿತ್ತು. ಬೆಳಿಗ್ಗೆಯೇ ಊರ ಜನ ನೆರೆದಿದ್ದರು. ದೃಶ್ಯ ಇಷ್ಟು: ಜನರ ಗುಂಪಿನ ನಡುವಿನಿಂದ ನಾಯಿ ಬಿಡಿಸಿಕೊಂಡು, ದೂರದಲ್ಲಿ ನೀರಿನ ಅಂಚಿನಲ್ಲಿ ನಿಂತ ಹುಡುಗಿಯ ಹತ್ತಿರ ಓಡಬೇಕು. ಗುಂಪಿನಲ್ಲಿ ಅವನನ್ನು ಯಾರಾದರೂ ಹಿಡಿದುಕೊಂಡಿರಬೇಕಲ್ಲ? ಪ್ರೊಡಕ್ಷನ್ನಿನ ಒಬ್ಬನನ್ನು ನಿಲ್ಲಿಸಿದರೆ ಕೆಂಚ ಅವನನ್ನೇ ಮರಳಲ್ಲಿ ದರದರ ಎಳೆದ. ಬೇರೆ ದಾರಿಯಿಲ್ಲದೆ ನನಗೆ ಪಂಚೆ ಉಡಿಸಿ, ರುಮಾಲು ಸುತ್ತಿ, ಶಾಲು ಹೊದಿಸಿ ಊರಗೌಡನನ್ನಾಗಿ ನಿಲ್ಲಿಸಿದರು. ವಾರದ ಮೇಲೆ ನನ್ನನ್ನು ಕಂಡ ಕೆಂಚ ಎದೆಯವರೆಗೆ ಹಾರಿ ಕುಂಯ್‌ಗುಟ್ಟಿದ. ನನಗೆ ಸ್ವರ್ಗಕ್ಕೆ ಮೂರೇ ಗೇಣು. ಮರುಗಳಿಗೆಯೇ ಜೀವ ಬಾಯಿಗೆ ಬಂತು. ಇವನು ನನ್ನನ್ನು ಬಿಟ್ಟು ಹೋಗುವುದುಂಟೇ?

ಮೊದಲ ಟೇಕ್. ಸಿರಿ ಹೆಸರು ಹಿಡಿದು ಕೂಗಿ ತನ್ನ ಡೈಲಾಗು ಹೇಳಿದಳು. ಕೆಂಚ ನಾಲ್ಕು ಹೆಜ್ಜೆ ಹೋಗಿ ತಿರುಗಿ ನನ್ನನ್ನು ನೋಡಿದ. ಕಟ್. ಎರಡನೆಯದೂ ಹಾಗೆಯೇ. ಚೇತನ್ ಮೊಬೈಲ್ ತೆಗೆದು ಪಕ್ಕಕ್ಕೆ ಹೋದ. ಯಾರಿಗೆ ಫೋನು ಹೋಗುತ್ತದೆಂದು ನನಗೆ ಗೊತ್ತಿತ್ತು. ಸಿರಿ ಒದ್ದೆ ಕಾಲಲ್ಲಿ ನನ್ನ ಹತ್ತಿರ ಬಂದಳು.

"ನನ್ನ ತೆಗಿತಾರೇನ್ರಿ ಅಜ್ಜ?"

ಈ ಮಗುವಿಗೆ ಯಾರು ಹೇಳಿದರೋ! ಅದೆಲ್ಲ ಬಿಡು, ಮನೆಯಲ್ಲಿ ಇವನನ್ನು ಹೇಗೆ ಕರೆಯುತ್ತೀ ಹೇಳು ಎಂದೆ.

"ಕರೆಯೋದೇ ಇಲ್ರಿ. ನಾನು ಓಡ್ತೀನಿ, ಅವನೇ ಬರ್ತಾನೆ."

ನಮ್ಮ ವೃತ್ತಿಯಲ್ಲಿ ನಾಯಿಯ ಮುಂದೆ ಓಡುವವನು ಕಳ್ಳ. ಹ್ಯಾಂಡ್ಲರ್ ನೆಟ್ಟ ಕಂಬದಂತೆ ನಿಂತು ಆರ್ಡರ್ ಕೊಡಬೇಕು. ಇಡೀ ಸರ್ವೀಸಿನಲ್ಲಿ ನಾನು ನಾಯಿಯ ಹಿಂದೆ ಓಡಿದ್ದೇನೆ, ಪಕ್ಕದಲ್ಲಿ ಓಡಿದ್ದೇನೆ, ಮುಂದೆ ಮಾತ್ರ ಓಡಿರಲಿಲ್ಲ. ಅವಳಿಗೆ ಹೇಳಿದೆ, ಡೈಲಾಗು ಮರೆತುಬಿಡು, ಓಡು, ಯಾರು ಬೈದರೂ ನಾನಿದ್ದೇನೆ. ಕ್ಯಾಮೆರಾದವರ ಕಿವಿಯಲ್ಲೂ ಉಸುರಿದೆ, ಹುಡುಗಿ ಓಡುತ್ತಾಳೆ, ಬಿಡಬೇಡಿ. ಆಮೇಲೆ ಚೇತನ್‌ನನ್ನು ರಟ್ಟೆ ಹಿಡಿದು ಎಳೆತಂದು, ಇದೊಂದು ಟೇಕ್ ತೆಗೆದು ಆಮೇಲೆ ಫೋನು ಮಾಡು ಎಂದೆ.

ಮೂರನೇ ಟೇಕ್. ಕೆಂಚನ ಕೊರಳಿಂದ ಕೈ ತೆಗೆದೆ. ಅವನು ತಲೆಯೆತ್ತಿ ನನ್ನ ಮುಖ ನೋಡಿದ. ಒಂದು ಬೆರಳು ತೋರಿಸಿದ್ದರೆ ಓಡುತ್ತಿದ್ದ, ಓಡುತ್ತಾ ತಿರುಗಿ ತಿರುಗಿ ನನ್ನನ್ನೇ ನೋಡುತ್ತಿದ್ದ. ಆ ಬೆರಳು ತುರಿಸುತ್ತಿತ್ತು. ಎರಡೂ ಕೈಯನ್ನು ಶಾಲಿನೊಳಗೆ ಕಂಕುಳಲ್ಲಿ ಅವುಚಿಕೊಂಡು ಸೇತುವೆಯ ಮೇಲೆ ಹೋಗುವ ಲಾರಿಗಳ ಕಡೆ ಮುಖ ತಿರುಗಿಸಿದೆ.

ಆಗ ಸಿರಿ ಬೆನ್ನು ತಿರುಗಿಸಿ ಓಟ ಕಿತ್ತಳು.

ಕೆಂಚ ಬೌ ಎಂದ. ಅಪ್ಪಣೆಯಿಲ್ಲದೆ ಎಂದೂ ಬೊಗಳದವನು! ಮರಳು ನನ್ನ ಪಂಚೆಗೆ ರಾಚಿತು. ತಿರುಗಿ ನೋಡುವಷ್ಟರಲ್ಲಿ ಅವನು ಅರ್ಧ ದಂಡೆ ದಾಟಿದ್ದ. ಜನ ತಾವಾಗಿಯೇ ದಾರಿ ಬಿಟ್ಟರು. ಸಿರಿ ಕಿಲಕಿಲ ನಗುತ್ತಾ ನೀರೊಳಗೆ ನುಗ್ಗಿದಳು, ಅವನು ಹಾರಿ ಅವಳ ಬೆನ್ನಿಗೆ ಬಿದ್ದ, ಇಬ್ಬರೂ ಮೊಣಕಾಲು ನೀರಿನಲ್ಲಿ ಧೊಪ್ಪನೆ ಬಿದ್ದರು. ಅವಳು ಎದ್ದರೆ ಅವನು ಬೀಳಿಸುತ್ತಾನೆ, ಅವಳ ಮುಖ ನೆಕ್ಕುತ್ತಾನೆ, ಸುತ್ತ ನೀರು ಚಿಮ್ಮಿಸುತ್ತಾ ಕುಣಿಯುತ್ತಾನೆ. ಕ್ಯಾಮೆರಾದವರು ಪ್ಯಾಂಟು ನೆನೆಯುವುದನ್ನೂ ನೋಡದೆ ನೀರಿಗಿಳಿದಿದ್ದರು. ಚೇತನ್ ಕಟ್ ಹೇಳುವುದನ್ನೇ ಮರೆತಿದ್ದ. ದಂಡೆಯ ತುಂಬಾ ಸಿಳ್ಳೆ, ಚಪ್ಪಾಳೆ. ನಾನೂ ಬಾಯಲ್ಲಿ ಬೆರಳಿಟ್ಟು ಸಿಳ್ಳೆ ಹೊಡೆದೆನಂತೆ, ಪಕ್ಕದಲ್ಲಿದ್ದವರು ಆಮೇಲೆ ಹೇಳಿದರು.

ಮಾನಿಟರಿನಲ್ಲಿ ಎಲ್ಲರೂ ಮುಗಿಬಿದ್ದು ನೋಡಿದೆವು. ಮೊದಲಿಂದ ಕೊನೆಯವರೆಗೆ ಅವನ ಕಣ್ಣು ಅವಳ ಮೇಲೆಯೇ. ಒಂದು ಸಲವೂ ಹಿಂದೆ ನೋಡಿರಲಿಲ್ಲ. ಚೇತನ್ ನನ್ನನ್ನು ರುಮಾಲು ಸಮೇತ ಎತ್ತಿದ. ಬೆಂಗಳೂರಿನ ಫೋನು ಆ ದಿನ ಹೋಗಲಿಲ್ಲ, ಆಮೇಲೆಯೂ ಹೋಗಲಿಲ್ಲ.

ಗದ್ದಲ ಇಳಿದ ಮೇಲೆ ಅಭ್ಯಾಸಬಲದಿಂದ ಬೆರಳೆತ್ತಿ ಕೆಂಚನನ್ನು ಕರೆದೆ. ಅವನು ನೋಡಿದ. ಬಾಲ ಅಲ್ಲಾಡಿಸಿದ, ಮನೆಗೆ ಬಂದ ನೆಂಟರನ್ನು ಮಾತಾಡಿಸುವ ಹಾಗೆ. ಆಮೇಲೆ ಸಿರಿಯ ಒದ್ದೆ ಕಾಲಿಗೆ ಒರಗಿ ಅಲ್ಲೇ ಕೂತ. ಸಿರಿಗೆ ಗಾಬರಿಯಾಯಿತು.

"ಅಜ್ಜ, ಅವನಿಗೆ ಬೈಬ್ಯಾಡ್ರಿ," ಎಂದಳು.

"ಯಾಕ ಬೈಲವ್ವ? ಇವತ್ತೇ ಅವನು ಪಾಸಾಗಿದ್ದು," ಅಂದೆ. ಕಣ್ಣು ತುಂಬಿ ಬಂತು. ಖುಷಿಯೂ ಇತ್ತು, ಸಂಕಟವೂ ಇತ್ತು.

ಚಿತ್ರ ಬಂತು, ನಮ್ಮೂರ ಮಕ್ಕಳು ಥಿಯೇಟರಿನಲ್ಲಿ ಕುರ್ಚಿ ಹತ್ತಿ ಕೂಗಿದರು. ಅದನ್ನೆಲ್ಲ ಹೇಳುತ್ತಾ ಕೂರುವುದಿಲ್ಲ. ನನ್ನ ಕೈಗೆ ನಾಯಿ ಎಷ್ಟು ಬಗ್ಗುತ್ತದೆ ಎಂಬುದರಲ್ಲೇ ಹ್ಯಾಂಡ್ಲರನ ಶ್ಯಾಣೆತನ ಅಳೆಯುತ್ತಾ ಬಂದವನು ನಾನು. ಪದಕ ಬಂದದ್ದೂ ಅದಕ್ಕೇ. ಕಲಿಸಿದ್ದು ನಿಜವಾಗಿ ಹತ್ತಿದೆಯೋ ಇಲ್ಲವೋ ಎಂದು ತಿಳಿಯಬೇಕಾದರೆ ಕಲಿಸಿದವನು ಒಮ್ಮೆ ಕೈ ಕಟ್ಟಿಕೊಂಡು ಆಚೆ ನೋಡಬೇಕು. ಈ ಪಾಠ ನನಗೆ ಸಿಕ್ಕಿದ್ದು ಹರಿಹರದ ದಂಡೆಯಲ್ಲಿ, ಒಂದು ಕೂಸಿನಿಂದ.

ಹರಿಹರದಿಂದ ಆವತ್ತು ಸಂಜೆ ಶೂಟಿಂಗ್ ಜೀಪು ನನ್ನೊಬ್ಬನನ್ನೇ ಆವರಗೆರೆಯಲ್ಲಿ ಇಳಿಸಿ ಹೋಯಿತು. ಹೆಂಡತಿ ಹೊರಗೆ ಬಂದು ಜೀಪಿನ ಹಿಂದೆ ಮುಂದೆ ಕಣ್ಣಾಡಿಸಿದಳು. ಕೆಂಚ ಎಲ್ಲಿ ಎಂದು ಕೇಳಿದಳು.

"ಅವನ ಮನೆಗೆ ಹೋದ," ಅಂದೆ.